ಮೂರು ಸಿಲಿಂಡರಿನ ದೋಷ

ಐವತ್ತು ತುಂಬುವ ಹೊತ್ತಿಗೆ ನನ್ನ ಓರಗೆಯವರಿಗೆಲ್ಲ ಮಂಡಿ ನೋವು ಬಂತು, ನನಗೆ ಕಾರಿನ ಹುಚ್ಚು ಹಿಡಿಯಿತು. ಹುಚ್ಚು ಎಂದರೆ ಅಂಥಿಂಥ ಹುಚ್ಚಲ್ಲ. ಸ್ಟಾಫ್ ರೂಮಿನಲ್ಲಿ ಉಳಿದ ಟೀಚರುಗಳು ಫೋನಿನಲ್ಲಿ ಸೀರೆ ನೋಡುತ್ತಿದ್ದರೆ ನಾನು ಗೇರ್‌ಬಾಕ್ಸ್ ನೋಡುತ್ತಿದ್ದೆ. ಒಂಬತ್ತನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದುವಾಗ ಅಂಚಿನಲ್ಲಿ ಯಾವುದೋ ಇಂಜಿನ್ನಿನ ಟಾರ್ಕ್ ಬರೆದುಬಿಟ್ಟು, ಹುಡುಗನಿಗೆ ನೂರೆಪ್ಪತ್ತೆಂಟು ಅಂಕ ಕೊಟ್ಟ ಹಾಗೆ ಕಾಣುತ್ತದಲ್ಲ ಅಂತ ಗಾಬರಿಯಾಗಿ ಅಳಿಸಿದ್ದೂ ಉಂಟು.

ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಹುಣಸೂರಿನ ಹತ್ತಿರದ ಹಳ್ಳಿ, ಕಟ್ಟೆಮಳಲವಾಡಿಗೆ ಹೋಗುವ ದಾರಿಯಲ್ಲಿ. ಮನೆಯಲ್ಲಿ ನಾವು ಮೂವರೇ. ನಾನು, ಹುಣಸೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಯಜಮಾನರು, ಮತ್ತು ನಮ್ಮತ್ತೆ. ಹದಿನಾಲ್ಕು ವರ್ಷದಿಂದ ಒಂದು ಪುಟ್ಟ ಬಿಳಿ ಕಾರನ್ನು ದಿನಾ ಶಾಲೆಗೆ ಓಡಿಸಿಕೊಂಡು ಹೋಗಿ ಬರುತ್ತಿದ್ದೆ. ಪಾಪದ್ದು, ಒಂದು ದಿನವೂ ಕೈ ಕೊಡಲಿಲ್ಲ. ಆದರೆ ಹೊಗೆಸೊಪ್ಪಿನ ಬೇಲು ಹೇರಿಕೊಂಡು ತೆವಳುವ ಟ್ರ್ಯಾಕ್ಟರನ್ನು ದಾಟಬೇಕಾದರೆ ನಾನು ಸೀಟಿನಲ್ಲಿ ಮುಂದಕ್ಕೆ ಬಾಗಿ ಅದಕ್ಕೆ ಬಾಯಿಮಾತಿನ ಸಹಾಯ ಮಾಡಬೇಕಾಗಿತ್ತು. ಹೋಗು, ಹೋಗು ನನ್ನಪ್ಪಾ, ಹೋಗು ಅಂತ.

ನನ್ನ ಮನಸ್ಸಿಗೆ ಬಿದ್ದ ಹೊಸ ಕಾರು ಒಂದು ಸೆಡಾನು. ನಮ್ಮ ಕಡೆ ಡಿಕ್ಕಿ ಕಾರು ಅನ್ನುತ್ತಾರೆ. ನೆಲಕ್ಕೆ ಒತ್ತಿಕೊಂಡ ಹಾಗಿರುವ ಮೈ, ಉದ್ದನೆ ಮೂತಿ. ನಿಂತಿದ್ದರೂ ಓಡುತ್ತಿರುವ ಹಾಗೆ ಕಾಣುವಂಥದ್ದು. ಒಂದೇ ಕಾರು, ಇಂಜಿನ್ ಮಾತ್ರ ಎರಡು ಬಗೆ. ಒಂದು ಲೀಟರಿನದು, ಮೂರು ಸಿಲಿಂಡರ್, ನೂರ ಹದಿನೈದು ಎಚ್‌ಪಿ. ಇನ್ನೊಂದು ಒಂದೂವರೆ ಲೀಟರಿನದು, ನಾಲ್ಕು ಸಿಲಿಂಡರ್, ನೂರೈವತ್ತು ಎಚ್‌ಪಿ. ಎರಡಕ್ಕೂ ಟರ್ಬೊ. ಇದರಲ್ಲಿ ಯಾವುದು ಎನ್ನುವುದೇ ನನ್ನ ಮೂರು ತಿಂಗಳ ಧ್ಯಾನ.

ಒಂದು ಭಾನುವಾರ ಯಜಮಾನರನ್ನು ಎಳೆದುಕೊಂಡು ಮೈಸೂರಿನ ಶೋರೂಮಿಗೆ ಹೋದೆ. ಟೈ ಕಟ್ಟಿದ ಸೇಲ್ಸ್‌ಮನ್ ಬಂದವನೇ ನೇರವಾಗಿ ಯಜಮಾನರ ಮುಂದೆ ನಿಂತ. ಇಂಜಿನ್, ಬ್ರೇಕು, ಏರ್‌ಬ್ಯಾಗು ಎಲ್ಲ ಅವರಿಗೇ ವಿವರಿಸಿದ. ಅವರೋ, ಗೊಬ್ಬರದ ಚೀಲದ ಮೇಲೆ ಬರೆದದ್ದು ಬಿಟ್ಟು ಇನ್ನೇನೂ ಓದದ ಮನುಷ್ಯ, ಎಲ್ಲದಕ್ಕೂ ಹೂಂ ಹೂಂ ಅನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಅವನು ನಗುತ್ತಾ ನನ್ನ ಕಡೆ ತಿರುಗಿ, "ಮೇಡಂ, ನಿಮಗೆ ಯಾವ ಕಲರ್ ಇಷ್ಟ?" ಅಂದ.

ನನಗೆ ಉರಿದುಹೋಯಿತು. "ಬಣ್ಣ ಅವರನ್ನ ಕೇಳಿ. ಟಾರ್ಕ್ ಎಷ್ಟು, ಎಷ್ಟು ಆರ್‌ಪಿಎಂನಲ್ಲಿ ಬರುತ್ತೆ ಅನ್ನೋದನ್ನ ನನ್ನ ಕೇಳಿ" ಅಂದೆ. ಪಾಪ, ಅವನ ಕಿವಿ ಕೆಂಪಾಯಿತು. ಯಜಮಾನರು ಅವನಿಗೆ ಮೆಲ್ಲಗೆ, "ಟೀಚರು ಕಣಪ್ಪ" ಅಂದರು, ಕಾಯಿಲೆಯ ಹೆಸರು ಹೇಳುವವರ ಹಾಗೆ.

ಮೊದಲು ಚಿಕ್ಕ ಇಂಜಿನ್ನಿನ ಕಾರು ಕೊಟ್ಟ. ರಿಂಗ್ ರೋಡಿಗೆ ಇಳಿಸಿದೆ. ಅನ್ಯಾಯ ಹೇಳಬಾರದು, ಅದೂ ಚೆನ್ನಾಗಿಯೇ ಇತ್ತು. ಒಂದು ಗುರುಗುಟ್ಟುವ ಸದ್ದು, ಸ್ಟಿಯರಿಂಗಿನಲ್ಲಿ ಸಣ್ಣ ನಡುಕ. ಕಾಲು ಒತ್ತಿದರೆ ಅರೆಗಳಿಗೆ ಯೋಚಿಸಿ ಆಮೇಲೆ ಚಂಗನೆ ಹಾರುತ್ತಿತ್ತು. ನನ್ನ ಹಳೇ ಕಾರಿನ ಪಕ್ಕದಲ್ಲಿ ಇದು ಜಿಂಕೆ. ನನ್ನ ಮುಖದಲ್ಲಿ ನಗು ತಾನಾಗಿ ಬಂತು. ಹಿಂದೆ ಕೂತಿದ್ದ ಯಜಮಾನರು, "ಸಾಕು ಬುಡು, ಇದೇ ಜೋರಾಗದೆ" ಅಂದರು.

ಆಮೇಲೆ ದೊಡ್ಡದು ಕೊಟ್ಟ.

ಅದನ್ನು ಹೇಗೆ ಹೇಳಲಿ? ಸದ್ದೇ ಇಲ್ಲ. ನಡುಕ ಇಲ್ಲ. ಮುಂದೆ ಒಂದು ಸಿಮೆಂಟು ಲಾರಿ ಹೋಗುತ್ತಿತ್ತು, ಅದರ ಪಕ್ಕ ರಸ್ತೆ ಖಾಲಿ ಇತ್ತು. ಇಂಡಿಕೇಟರ್ ಹಾಕಿ ಕಾಲು ಒತ್ತಿದೆ. ಯಾರೋ ನನ್ನ ಬೆನ್ನನ್ನು ಸೀಟಿಗೆ ಮೃದುವಾಗಿ ಒತ್ತಿ ಹಿಡಿದರು, ಲಾರಿ ಹಿಂದಕ್ಕೆ ಹೋಯಿತು, ಅಷ್ಟೇ. ನಾನು ದಾಟಲಿಲ್ಲ, ಲಾರಿಯೇ ಮರ್ಯಾದೆಯಿಂದ ಹಿಂದೆ ಸರಿಯಿತು ಅನ್ನಿಸಿತು. ಹೊಟ್ಟೆಯಲ್ಲಿ ಏನೋ ಕುಣಿಯಿತು. ಸಣ್ಣವಳಿದ್ದಾಗ ಕೆ.ಆರ್. ನಗರದ ನಮ್ಮ ತವರಿನ ನಾಲೆಯ ಏರಿಯ ಮೇಲೆ ಬಾಡಿಗೆ ಸೈಕಲ್ಲಿನ ಪೆಡಲಿನಿಂದ ಕಾಲು ಎತ್ತಿ ಇಳಿಜಾರಿಗೆ ಬಿಟ್ಟಾಗ ಕುಣಿಯುತ್ತಿತ್ತಲ್ಲ, ಅದೇ ಜಾಗದಲ್ಲಿ. ಅಷ್ಟು ವರ್ಷ ಆ ಜಾಗ ಇನ್ನೂ ನನ್ನಲ್ಲಿ ಇದೆ ಎಂದೇ ಗೊತ್ತಿರಲಿಲ್ಲ. ನಾನು ಜೋರಾಗಿ ನಕ್ಕುಬಿಟ್ಟೆ. ಸೇಲ್ಸ್‌ಮನ್ ಬಾಗಿಲಿನ ಮೇಲಿನ ಹಿಡಿ ಹಿಡಿದುಕೊಂಡಿದ್ದ.

ವಾಪಸ್ ಬರುವಾಗ ನಮ್ಮ ಹಳೇ ಕಾರಿನಲ್ಲಿ ಯಜಮಾನರು ಬುದ್ಧಿಮಾತು ಶುರುಮಾಡಿದರು. ಅವರು ಕೆಟ್ಟ ಮಾತು ಆಡುವವರಲ್ಲ, ಆದರೆ ನ್ಯಾಯವಾದ ಮಾತನ್ನೇ ಆಡಿ ತಲೆ ತಿನ್ನುತ್ತಾರೆ.

"ಚಿಕ್ಕದೇ ಸಾಕು ಕಣೆ. ದೊಡ್ಡದನ್ನ ಎಲ್ಲಿ ಓಡಿಸ್ತೀಯ?"

"ಓವರ್‌ಟೇಕ್ ಮಾಡೋಕೆ ಸೇಫು ರೀ."

"ನಮ್ಮ ರೋಡಲ್ಲಿ ಊರಿಗೆ ಮೂರು ಹಂಪು. ಸುಗ್ಗಿ ಬಂದ್ರೆ ರೋಡು ತುಂಬ ಹುರುಳಿ ಹರವಿರ್ತಾರೆ. ಹುರುಳಿ ಮೇಲೆ ನೂರೈವತ್ತು ಎಚ್‌ಪಿ ಓಡಿಸ್ತೀಯಾ?"

"ಮಗಳ ಮನೆಗೆ ಪಿರಿಯಾಪಟ್ಟಣಕ್ಕೆ ಹೋಗೋವಾಗ ಉದ್ದಕ್ಕೂ ಹೈವೇ ಇದೆ."

"ವರ್ಷಕ್ಕೆ ನಾಲ್ಕು ಸಲ ಹೋಗ್ತೀವಿ."

"ಕಾಕನಕೋಟೆ ಕಡೆ ಏರು ಇದೆ."

"ಅಲ್ಲಿ ಆನೆ ಅಡ್ಡ ನಿಂತ್ರೆ ಯಾವ ಇಂಜಿನ್ನಾದ್ರೂ ಆಫ್ ಮಾಡ್ಲೇಬೇಕು."

ಹೀಗೆ. ನಾನು ಒಂದು ಕಾರಣ ತೆಗೆದರೆ ಅವರು ಅದನ್ನು ಮಡಿಚಿ ಪಕ್ಕಕ್ಕಿಡುತ್ತಿದ್ದರು. ಬಿಳಿಕೆರೆ ದಾಟುವ ಹೊತ್ತಿಗೆ ನನ್ನ ಹತ್ತಿರ ಕಾರಣಗಳೇ ಉಳಿಯಲಿಲ್ಲ. ದುಡ್ಡು ನನ್ನದು, ಓಡಿಸುವವಳು ನಾನು. ಆದರೂ ಒಂದು ವಾಕ್ಯ ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಯಾವ ವಾಕ್ಯ ಅಂತ ಆಗ ನನಗೇ ಗೊತ್ತಿರಲಿಲ್ಲ.

ಕೊನೆಗೆ ಯಜಮಾನರು, "ಅವ್ವನ್ನ ಕೇಳೋಣ, ಅವ್ವ ಏನಂದ್ರೆ ಅದೇ" ಅಂದರು. ನಮ್ಮ ಮನೆಯ ರೂಢಿ ಅದು. ಹಸು ಇರಲಿ, ಬೋರ್‌ವೆಲ್ ಇರಲಿ, ಮಗಳ ಸಂಬಂಧ ಇರಲಿ, ದೊಡ್ಡದು ಯಾವುದೇ ಆದರೂ ಅತ್ತೆಯ ಕಿವಿಗೆ ಹಾಕಿ, ಅವರು ಹೂಂ ಅಂದ ಮೇಲೆಯೇ ಮುಂದಿನ ಮಾತು. ಅವರು ಒಂದು ಸಲ ಅಂದದ್ದನ್ನು ಮಗನೂ ಮೀರುವುದಿಲ್ಲ, ನಾನೂ ಮೀರುವುದಿಲ್ಲ. ಯಜಮಾನರು ಧೈರ್ಯವಾಗಿದ್ದರು. ಅವ್ವ ಯಾವತ್ತೂ ಚಿಕ್ಕದರ ಕಡೆಯೇ.

ಮಾರನೇ ಬೆಳಿಗ್ಗೆ ಅತ್ತೆ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬಂದರು. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು ವಿಷಯ ತೆಗೆದೆವು.

"ಎರಡು ಥರ ಇದೆ ಅವ್ವ. ಒಂದು ಲೀಟರಿಂದು, ಒಂದೂವರೆ ಲೀಟರಿಂದು" ಅಂದರು ಯಜಮಾನರು.

ಅತ್ತೆ ಹುಬ್ಬು ಗಂಟು ಹಾಕಿದರು. "ಒಂದೊತ್ತಿಗೋ, ಎರಡೊತ್ತಿಗೋ?"

"ಹಾಲಲ್ಲ ಅವ್ವ, ಇಂಜಿನ್ನು. ಅದರ ಅಳತೆ ಅದು."

"ಇಂಜಿನ್ನಾದ್ರೆ ಎಚ್‌ಪಿ ಏಳ್ಲಾ. ನಮ್ಮ ಬೋರಿಂದು ಏಳೂವರೆ."

"ಚಿಕ್ಕದು ನೂರ ಹದಿನೈದು. ದೊಡ್ಡದು ನೂರೈವತ್ತು."

"ನೂರೈವತ್ತಾ!" ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ಲಕ್ಷ್ಮಣತೀರ್ಥದ ನೀರೇ ಬತ್ತೋಯ್ತದಲ್ಲೋ!"

ಯಜಮಾನರು ನನ್ನ ಕಡೆ ನೋಡಿ ನಕ್ಕರು. ಅತ್ತೆ ಮಾತ್ರ ಅಷ್ಟಕ್ಕೇ ತೀರ್ಪು ಕೊಡುವವರಲ್ಲ. "ಬ್ಯಾರೆ ಏನು ಯತ್ವಾಸ? ನೀನೇಳವ್ವ" ಅಂದರು ನನಗೆ.

ನನ್ನೊಳಗಿನ ಟೀಚರು ಎದ್ದು ನಿಂತಳು. ಸಿಲಿಂಡರ್ ಅಂದರೆ ಗ್ಯಾಸು ಅಂದುಕೊಳ್ಳುತ್ತಾರೆ ಅಂತ ಗೊತ್ತಿದ್ದರಿಂದ ಒರಳು, ಒನಕೆ ಹಿಡಿದುಕೊಂಡೆ. "ಇಂಜಿನ್ನಿನ ಒಳಗೆ ಒರಳು ಇದ್ದ ಹಾಗೆ ಇರ್ತವೆ ಅತ್ತೆ. ಒಂದೊಂದಕ್ಕೂ ಒಂದೊಂದು ಒನಕೆ, ಒಂದಾದ ಮೇಲೊಂದು ಕುಟ್ತಾ ಇರ್ತವೆ. ಆ ಕುಟ್ಟೋ ಜೋರಿಗೇ ಚಕ್ರ ತಿರುಗೋದು. ದೊಡ್ಡದರಲ್ಲಿ ನಾಲ್ಕು. ಕೆಲಸ ಕಮ್ಮಿ ಇದ್ದಾಗ ಅದರಲ್ಲಿ ಎರಡು ಸುಮ್ಮನಾಗಿ ಪೆಟ್ರೋಲ್ ಉಳಿಸ್ತವೆ."

"ಬುದ್ಧಿ ಇರೋವು" ಅಂದರು ಅತ್ತೆ. "ಚಿಕ್ಕದ್ರಲ್ಲಿ?"

"ಮೂರು."

"ಮೂರಾ?"

ಆ "ಮೂರಾ?" ಎನ್ನುವ ಧ್ವನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು. ನಮ್ಮ ಕಡೆ ಯಾವ ಒಳ್ಳೆಯ ಕೆಲಸಕ್ಕೂ ಮೂರು ಜನ ಹೊರಡುವುದಿಲ್ಲ. ಹೆಣ್ಣು ನೋಡಲು, ಹಸು ತರಲು, ಆಸ್ಪತ್ರೆಗೆ, ಎಲ್ಲಿಗೂ. ಮೂವರು ಹೋದ ಕೆಲಸ ಕೆಡುತ್ತದೆ ಎನ್ನುವುದು ಅತ್ತೆಯಂಥವರಿಗೆ ಸೂರ್ಯ ಹುಟ್ಟುವಷ್ಟೇ ನಿಜ. ಹೋಗಲೇಬೇಕಾಗಿ ಬಂದರೆ ಒಂದು ಕಲ್ಲನ್ನು ಚೀಲದಲ್ಲಿ ಹಾಕಿಕೊಂಡು ಅದನ್ನೇ ನಾಲ್ಕನೆಯವರು ಅಂತ ಲೆಕ್ಕ ಹಿಡಿಯುತ್ತಾರೆ. ನಾನು ಇದನ್ನು ಕ್ಲಾಸಿನಲ್ಲಿ ಎಷ್ಟು ಸಲ ಗೇಲಿ ಮಾಡಿದ್ದೇನೋ. ಕಲ್ಲಿಗೂ ಬಸ್ ಟಿಕೆಟ್ ತಗೋತೀರೇನ್ರೋ ಅಂತ ಮಕ್ಕಳನ್ನು ನಗಿಸಿದ್ದೇನೆ.

ಅವತ್ತು ಮಾತ್ರ ಗೇಲಿ ಬರಲಿಲ್ಲ. ಸಿಮೆಂಟು ಲಾರಿ ಹಿಂದಕ್ಕೆ ಸರಿದದ್ದು ಕಣ್ಣ ಮುಂದೆ ಬಂತು. "ಹೂಂ ಅತ್ತೆ, ಮೂರೇ" ಅಂದೆ, ಆದಷ್ಟು ಬೇಜಾರಿನ ಮುಖ ಮಾಡಿಕೊಂಡು. "ಅದಕ್ಕೇ ಇರಬೇಕು, ಓಡಿಸುವಾಗ ನಡುಗ್ತದೆ. ಸ್ಟಿಯರಿಂಗಿಗೇ ಗೊತ್ತಾಗ್ತದೆ."

ನಡುಗುವುದು ನಿಜ. ಮೂರು ಪಿಸ್ಟನ್ನುಗಳ ತೂಕ ಪೂರ್ತಿ ಸರಿದೂಗುವುದಿಲ್ಲ, ಹತ್ತನೇ ಕ್ಲಾಸಿನ ಮಗುವಿಗೂ ವಿವರಿಸಬಹುದು. ನಾನು ವಿವರಿಸಲಿಲ್ಲ. ನಿಜವನ್ನು ಅರ್ಧ ಹೇಳಿ, ಉಳಿದರ್ಧವನ್ನು ಅತ್ತೆಯೇ ತುಂಬಿಕೊಳ್ಳಲಿ ಅಂತ ಬಿಟ್ಟೆ. ತುಂಬಿಕೊಂಡರು.

"ಬ್ಯಾಡ ಕಣ್ಲಾ. ಮೂರು ಬ್ಯಾಡ."

ಯಜಮಾನರು ಬೆಚ್ಚಿಬಿದ್ದರು. "ಅಯ್ಯೋ ಅವ್ವ, ಆಟೋಗೆ ಮೂರು ಚಕ್ರ ಇಲ್ವಾ?"

"ಅದ್ಕೇಯ ಅವು ಮೊಗಚ್ಕೊಳ್ಳೋದು."

"ಹಂಗಾದ್ರೆ ಒಂದು ಕಲ್ಲು ಇಟ್ಬುಡೋಣ."

"ಇಂಜಿನ್ ಒಳಿಕ್ಕೆ ಕಲ್ಲಾಕ್ತೀಯೇನ್ಲಾ? ತಲೆ ನೆಟ್ಟಗದಾ ನಿಂಗೆ?"

ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಓಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಯಜಮಾನರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. "ಸೈನ್ಸ್ ಟೀಚರು" ಅಂದರು. ಅಷ್ಟೇ ಅಂದು ಅಂಗಡಿಗೆ ಹೋದರು.

ಅವತ್ತು ಸಂಜೆಯೇ ದೊಡ್ಡದನ್ನು ಬುಕ್ ಮಾಡಿದೆ. ಮೂರು ವಾರ ಕಾಯಬೇಕು ಅಂದರು. ಆ ದಿನಗಳ ಸಂಭ್ರಮ ಏನು ಹೇಳಲಿ. ಹಳೇ ಕಾರಿನಲ್ಲಿ ಶಾಲೆಗೆ ಹೋಗುವಾಗ ದಾರಿಯ ಪ್ರತಿ ತಿರುವಿನಲ್ಲೂ ಹೊಸದನ್ನು ಓಡಿಸುತ್ತಿದ್ದೆ. ಇಲ್ಲಿ ಮೂರನೇ ಗೇರು, ಇಲ್ಲಿ ಒತ್ತಬೇಕು, ಇಲ್ಲಿ ಬಿಡಬೇಕು. ಹುರುಳಿ ಹರವಿದ ಕಡೆ ಮಾತ್ರ ಯಜಮಾನರ ಮುಖ ನೆನಪಾಗಿ ನಿಧಾನ ಮಾಡುತ್ತಿದ್ದೆ. ಮನಸ್ಸಿನಲ್ಲಿ ಮುಳ್ಳು ಇರಲಿಲ್ಲವೇ ಅಂದರೆ, ಇರಲಿಲ್ಲ. ಯಾರಿಗೆ ಏನು ನಷ್ಟ ಅಂದುಕೊಂಡಿದ್ದೆ.

ಆದರೆ ಅತ್ತೆ ಒಂದು ಒಳ್ಳೆಯ ಸುದ್ದಿಯನ್ನು ಮನೆಯಲ್ಲಿಟ್ಟುಕೊಳ್ಳುವವರಲ್ಲ. ಡೈರಿಯ ಸಾಲಿನಲ್ಲಿ ಹೇಳಿದರು. ತವರಿಗೆ ಫೋನು ಮಾಡಿ ಹೇಳಿದರು. ಅವರ ತವರು ಎಚ್.ಡಿ. ಕೋಟೆ ಕಡೆಯದು, ನನ್ನ ಶಾಲೆಯ ಪಕ್ಕದ ಊರು. ಅಲ್ಲಿನ ಮಕ್ಕಳು ನನ್ನ ಶಾಲೆಗೇ ಬರುವುದು. ಸುದ್ದಿ ದಾರಿಯಲ್ಲಿ ಸ್ವಲ್ಪ ಬೆಳೆದು, ಮೂರು ಆಗಿಬರುವುದಿಲ್ಲ ಅಂತ ಟೀಚರೇ ಕಾರು ಬೇಡ ಅಂದರಂತೆ ಅಂತ ಆಗಿತ್ತು.

ಬುಕ್ ಮಾಡಿ ಎರಡು ವಾರವಾಗಿತ್ತು. ಹತ್ತನೇ ಕ್ಲಾಸಿಗೆ ಮಸೂರದ ಪ್ರಯೋಗ. ನಮ್ಮ ಲ್ಯಾಬಿನಲ್ಲಿ ಮಸೂರ ಇರುವುದು ಕಡಿಮೆ, ಆದ್ದರಿಂದ ಮಕ್ಕಳನ್ನು ಮೂರು ಮೂರು ಜನರ ಗುಂಪು ಮಾಡಿದೆ. ಎಲ್ಲರೂ ಮೇಜು ಹಿಡಿದರು. ಒಬ್ಬ ಹುಡುಗಿ ಮಾತ್ರ ನಡುವೆ ನಿಂತೇ ಇದ್ದಳು. ಅವಳ ಗುಂಪಿನ ಇಬ್ಬರು ಹುಡುಗಿಯರು ಅವಳಿಗೆ ಜಾಗ ಕೊಟ್ಟಿರಲಿಲ್ಲ.

"ಯಾಕ್ರೇ, ಅವಳನ್ನ ಸೇರಿಸ್ಕೊಳ್ಳಿ" ಅಂದೆ.

"ಮೂರು ಜನ ಆಗ್ತೀವಿ ಮಿಸ್, ಪ್ರಯೋಗ ಕೆಡ್ತದೆ. ಪರೀಕ್ಷೆ ಬೇರೆ ಹತ್ರ ಬಂತು" ಅಂದಳು ಆ ಇಬ್ಬರಲ್ಲಿ ಒಬ್ಬಳು.

ನನಗೆ ಸಿಟ್ಟು ನೆತ್ತಿಗೇರಿತು. "ಎಷ್ಟು ಸಲ ಹೇಳಿದೀನಿ ನಿಮಗೆ? ಹತ್ತನೇ ಕ್ಲಾಸಿಗೆ ಬಂದು ಇಂಥ ಮೂಢನಂಬಿಕೆ ಮಾತಾಡ್ತೀರಲ್ಲ, ನಾಚಿಕೆ ಆಗಲ್ವಾ?"

ಆ ಹುಡುಗಿ ಹೆದರಲಿಲ್ಲ. ನಿಜಕ್ಕೂ ಗೊಂದಲವಾದವಳ ಹಾಗೆ ನನ್ನನ್ನು ನೋಡಿ, "ಮತ್ತೆ ನೀವೇ ಮೂರಿರೋ ಕಾರು ಬ್ಯಾಡ ಅಂದ್ರಂತಲ್ಲ ಮಿಸ್. ನಮ್ಮಜ್ಜಿ ಹೇಳ್ತು" ಅಂದಳು.

ನನ್ನ ಮುಖ ಕಾದ ಹಂಚಿನ ಹಾಗೆ ಬಿಸಿಯಾಯಿತು. ಇಪ್ಪತ್ತೈದು ವರ್ಷದ ಪಾಠ ಒಂದು ಕಾಫಿಯ ಹೊತ್ತಿನಲ್ಲಿ ಕೊಚ್ಚಿಹೋಗಿತ್ತು. ಅದು ಕೊಚ್ಚಿಹೋಗುವಂತೆ ಮಾಡಿದವಳೂ ನಾನೇ. ನಡುವೆ ನಿಂತಿದ್ದ ಆ ಮೂರನೆಯ ಹುಡುಗಿ ನೆಲ ನೋಡುತ್ತಿದ್ದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಸ್ಪಿರಿಟ್ ಲ್ಯಾಂಪಿನ ಮೇಲಿನ ಮುಕ್ಕಾಲಿ ಸ್ಟ್ಯಾಂಡನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದೆ. "ಇದಕ್ಕೆ ಎಷ್ಟು ಕಾಲು? ಮೂರು. ಅಲುಗಾಡ್ತದಾ? ನಿಮ್ಮನೆ ಒಲೆಗೆ ಎಷ್ಟು ಗುಂಡು? ಮೂರು. ಅನ್ನ ಬೇಯಲ್ವಾ? ಕಾರಿನ ವಿಷಯದಲ್ಲಿ ನಾನು ಮಾಡಿದ್ದು ತಪ್ಪು. ಮೂರು ಕೆಟ್ಟದು ಅಂತ ನಾನು ಹೇಳಲಿಲ್ಲ, ಆದರೆ ಹೇಳಿದವರಿಗೆ ಅಲ್ಲ ಅನ್ನಲೂ ಇಲ್ಲ. ಅದೂ ಸುಳ್ಳೇ. ಇದನ್ನ ನಿಮ್ಮಜ್ಜಿಗೂ ಹೇಳು." ಮಕ್ಕಳು ಕಿಸಕ್ಕನೆ ನಕ್ಕರು. ಮೂರನೆಯವಳಿಗೆ ಜಾಗವಾಯಿತು. ನಾನು ಸ್ಟೂಲು ಎಳೆದುಕೊಂಡು ಅವರ ಪಕ್ಕದಲ್ಲೇ ಕೂತೆ. ಕಿಟಕಿಯಾಚೆಯ ಬೇವಿನ ಮರ ಹಾಳೆಯ ಮೇಲೆ ತಲೆಕೆಳಗಾಗಿ, ಚೊಕ್ಕವಾಗಿ ಮೂಡಿತು.

ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಗಂಟೆ ಹೊಡೆದಾಗ ಅದೇ ಮಾತುಗಾತಿ ಹುಡುಗಿ ಬಾಗಿಲಲ್ಲಿ ತಿರುಗಿ ನಿಂತಳು. "ಹಂಗಾದ್ರೆ ಈಗ ಚಿಕ್ಕ ಕಾರೇ ತಗೋತೀರಾ ಮಿಸ್?"

ನಾನು ಮಸೂರಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬತೊಡಗಿದೆ.

ದಾರಿಯುದ್ದಕ್ಕೂ ಯೋಚನೆ. ಅತ್ತೆಗೂ ನಿಜ ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಜ ಹೇಳಿದ ಕ್ಷಣ ದೊಡ್ಡ ಇಂಜಿನ್ನಿಗೆ ಇದ್ದ ಒಂದೇ ಆಧಾರ ಹೋಗುತ್ತದೆ. ಅತ್ತೆ ಚಿಕ್ಕದು ಅನ್ನುತ್ತಾರೆ, ಅವರು ಅಂದ ಮೇಲೆ ಮುಗಿಯಿತು. ಬೆನ್ನಿಗೆ ಬಿದ್ದ ಆ ಮೃದುವಾದ ಒತ್ತು, ಹೊಟ್ಟೆಯ ಆ ಕುಣಿತ, ಎಲ್ಲ ಶೋರೂಮಿನಲ್ಲೇ ಉಳಿಯುತ್ತದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮನೆಯ ತಿರುವು ಬರುವವರೆಗೂ ಹೇಳದೆ ಉಳಿಯುವ ದಾರಿ ಹುಡುಕುತ್ತಲೇ ಇದ್ದೆ.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಯಜಮಾನರು ಅವತ್ತು ಬೇಗ ಬಂದು ಪಕ್ಕದಲ್ಲಿ ಕೂತು ಕಾಳು ಹಿಸುಕಿಕೊಡುತ್ತಿದ್ದರು. ನಾನು ಬ್ಯಾಗನ್ನೂ ಇಳಿಸದೆ ನಿಂತುಕೊಂಡೇ ಹೇಳಿದೆ. "ಅತ್ತೆ, ಮೂರಕ್ಕೂ ಕಾರಿಗೂ ಸಂಬಂಧ ಇಲ್ಲ. ಚಿಕ್ಕದು ನಡುಗೋದಕ್ಕೆ ಬೇರೆ ಕಾರಣ ಇದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮಾತಿಗೆ ಹೂಂ ಅಂದೆ. ನನ್ನದು ತಪ್ಪಾಯ್ತು."

ಅತ್ತೆಯ ಕೈ ನಿಲ್ಲಲಿಲ್ಲ. "ಅಂದ್ರೆ ಚಿಕ್ಕದ್ರಲ್ಲಿ ದೋಸ ಇಲ್ಲ?"

"ಇಲ್ಲ."

"ಚೆಂದಾಗಿ ಓಡ್ತದಾ?"

"ತುಂಬ ಚೆನ್ನಾಗಿ ಓಡ್ತದೆ."

"ಅಂಗಾರೆ ಅದ್ನೇ ತಕ್ಕೊ. ದೊಡ್ಡದ್ಯಾಕೆ?"

ಯಜಮಾನರು ಕೈ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದರು. "ಶೋರೂಮಿಗೆ ಹೇಳ್ಬುಡ್ಲಾ? ಇನ್ನೂ ಬದಲಾಯಿಸ್ಬೋದು."

"ಓವರ್‌ಟೇಕ್ ಮಾಡುವಾಗ..." ಅಂತ ಶುರುಮಾಡಿದೆ.

"ಚಿಕ್ಕದ್ರಲ್ಲಿ ಮಾಡಕ್ಕಾಗಲ್ವಾ?" ಅತ್ತೆ ಕೇಳಿದರು.

"ಆಗ್ತದೆ."

"ಪಿರಿಯಾಪಟ್ನಕ್ಕೆ ಹೋಗಕ್ಕಾಗಲ್ವಾ?"

"ಆಗ್ತದೆ."

"ಮತ್ತೆ?" ಅತ್ತೆ ತಲೆ ಎತ್ತಿ ನನ್ನನ್ನೇ ನೋಡಿದರು. ಕೈಯಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೇ ಇತ್ತು. ನನಗೆ ಓಡಿಹೋಗೋಣ ಅನ್ನಿಸಿತು.

"ನನಗೆ ಬೇಕು ಅತ್ತೆ."

ಬಂದೇಬಿಟ್ಟಿತು. ಒಂದು ಸಲ ಬಂದ ಮೇಲೆ ನಿಲ್ಲಲಿಲ್ಲ. "ನನಗೆ ದೊಡ್ಡದೇ ಬೇಕು. ಅದರ ಅಗತ್ಯ ಇಲ್ಲ, ಚಿಕ್ಕದು ಸಾಕು, ಎಲ್ಲ ಗೊತ್ತು. ಅದನ್ನ ಒತ್ತಿದಾಗ ನನಗೆ ಖುಷಿಯಾಯ್ತು. ಎಷ್ಟು ಖುಷಿ ಅಂದ್ರೆ ರಸ್ತೆ ಮಧ್ಯೆ ಜೋರಾಗಿ ನಕ್ಕೆ. ಅಷ್ಟೇ ಕಾರಣ. ಬೇರೆ ಒಂದೂ ಇಲ್ಲ." ನನ್ನ ದನಿ ಏರಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಎದುರು ಮನೆಯವರು ಇಣುಕಿ ನೋಡಿದರು. ನೋಡಲಿ ಅನ್ನಿಸಿತು.

ಅತ್ತೆ ಕಾಯಿ ಬಿಡಿಸಿ ಕಾಳು ಬಟ್ಟಲಿಗೆ ಹಾಕಿದರು. "ಈ ಮನೆಗೆ ಬಂದು ಇಪ್ಪತ್ತಾರು ವರ್ಸಕ್ಕೆ ಇದೊಂದು ಮಾತು ನಿನ್ನ ಬಾಯಲ್ಲಿ ಬಂತು" ಅಂದರು. ಮಗನ ಕಡೆ ತಿರುಗಿ, "ಫೋನ ಜೇಬಿಗಾಕ್ಲಾ" ಅಂದರು.

ಯಜಮಾನರು ಹಾಕಿಕೊಂಡರು. ಅವರ ಮುಖದಲ್ಲಿ ಸೋತ ಬೇಜಾರು ಇರಲಿಲ್ಲ. "ಇದನ್ನೇ ಅವತ್ತು ಕಾರಲ್ಲಿ ಹೇಳಿದ್ರೆ ನಾನು ಹುರುಳಿ ವಿಷಯ ತೆಗೀತಿದ್ನಾ?" ಅಂದರು. ತೆಗೆಯುತ್ತಿದ್ದರು. ಇರಲಿ.

ನಾನು ಕೂತು ಅವರೆಕಾಯಿಗೆ ಕೈ ಹಾಕಿದೆ. ಮೂವರೂ ಸುಲಿಯುತ್ತಿದ್ದೆವು. ಬಟ್ಟಲು ತುಂಬುತ್ತಾ ಬಂದಾಗ ಅತ್ತೆ ತಲೆ ಎತ್ತದೆ ಹೇಳಿದರು.

"ನಂಗೂ ಒಂದು ಬೇಕು ಕಣವ್ವ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ತೆ ತಮಗೆ ಇಂಥದ್ದು ಬೇಕು ಅಂದದ್ದನ್ನು ನಾನಂತೂ ಕೇಳಿರಲಿಲ್ಲ. "ಏನತ್ತೆ?"

"ಮುಂದ್ಲ ಸೀಟು."

"ಯಾವ ಮುಂದಿನ ಸೀಟು?"

"ಕಾರಿಂದು. ನಿಮ್ಮ ಮಾವ ಇರಗಂಟ ಎತ್ತಿನ ಗಾಡೀಲಿ ಇಂದೆ ಕುಂತೆ. ಆಮ್ಯಾಕೆ ಟ್ಯಾಕ್ಟ್ರಲ್ಲಿ ಇಂದೆ. ನಿಮ್ಮ ಕಾರಲ್ಲೂ ಇಂದೆ. ಯಾವ ಊರಿಗೋದ್ರೂ ನಂಗೆ ಎಲ್ಲಾ ದಾಟೋದ್ಮೇಲೇ ಕಾಣ್ತದೆ." ಸ್ವಲ್ಪ ತಡೆದು, ಅಳುಕುತ್ತಾ ಮಗನನ್ನು ನೋಡಿದರು. "ಇವ್ನು ಇಂದೆ ಕುಂತ್ಕೊಂಡ್ರೆ ತಪ್ಪಾಯ್ತದಾ?"

ಹದಿನಾಲ್ಕು ವರ್ಷ ಆ ಬಿಳಿ ಕಾರಿನ ಹಿಂದಿನ ಬಾಗಿಲನ್ನು ಅವರಿಗೆ ತೆರೆದುಕೊಟ್ಟವಳು ನಾನೇ. ಜೋಪಾನ ಅತ್ತೆ, ತಲೆ ಬಗ್ಗಿಸಿ ಅಂತ ಮರ್ಯಾದೆಯಿಂದಲೇ. ಒಂದು ದಿನವೂ ಕೇಳಿರಲಿಲ್ಲ.

ಕಾರು ಬಂದ ದಿನ ಶೋರೂಮಿಗೆ ಮೂವರೇ ಹೋದೆವು, ಕಲ್ಲಿನ ಮಾತನ್ನು ಅತ್ತೆಯೂ ಎತ್ತಲಿಲ್ಲ. ವಾಪಸ್ ಹೊರಟಾಗ ಯಜಮಾನರು ಯಾರೂ ಹೇಳದೆಯೇ ಹಿಂದೆ ಹೋಗಿ ಕೂತರು. ಅವರ ಉದ್ದನೆ ಕಾಲಿಗೆ ಜಾಗ ಸಾಲದೆ ಮಂಡಿ ನನ್ನ ಸೀಟಿಗೆ ಒತ್ತುತ್ತಿತ್ತು. ಅತ್ತೆ ಹೊಸ ಸೀರೆ ಉಟ್ಟು ನನ್ನ ಪಕ್ಕದಲ್ಲಿ, ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದರು. ಮೈಸೂರು ದಾಟಿ ಹುಣಸೂರಿನ ರಸ್ತೆ ಹಿಡಿದೆವು. ಒಂದು ಕಡೆ ರಸ್ತೆ ನೇರವಾಗಿ, ಖಾಲಿಯಾಗಿ ಸಿಕ್ಕಿತು. ಎರಡೂ ಪಕ್ಕ ದೊಡ್ಡ ಮರಗಳು. ಒತ್ತಿದೆ. ಬೆನ್ನಿಗೆ ಆ ಕೈ ಬಿತ್ತು, ಹೊಟ್ಟೆಯಲ್ಲಿ ಅದು ಕುಣಿಯಿತು. ಓರೆಗಣ್ಣಿನಲ್ಲಿ ಅತ್ತೆಯನ್ನು ನೋಡಿದೆ, ಹೆದರಿದರೇನೋ ಅಂತ. ಅವರು ಬೆಲ್ಟು ಬಿಟ್ಟು ಎರಡೂ ಕೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಮುಂದಕ್ಕೆ ಬಾಗಿದ್ದರು.

"ಅಯ್ಯೋ, ಎಲ್ಲಾ ಎದುರ್ಗೇ ಬತ್ತಾ ಅದೆ ಕಣವ್ವ!" ಅಂತ ಕೂಗಿದರು. "ಎಲ್ಲಾ ನನ್ನೆದುರ್ಗೇ ಬತ್ತಾ ಅದೆ!"